ಓದುಗರ ಪ್ರಶ್ನೆಗಳಿಗೆ ಉತ್ತರ: ಮಾರು ದೂರದಿಂದ ಕಾಣುವ ಸೈನಿಕ

ಎರಡು ಸಂಚಿಕೆಗಳ ಹಿಂದೆ ಇದೇ ಪುಟದಲ್ಲಿ, ದಾಳ ಉರುಳಿಸಿ ಮೇಜಿನ ಮೇಲೆ ಆಡುವ ಐತಿಹಾಸಿಕ ಯುದ್ಧದಾಟಗಳ ಬಗೆಗೂ ಅವುಗಳಿಗಾಗಿ ಹೆಬ್ಬೆರಳಿಗಿಂತ ಚಿಕ್ಕದಾದ ಸೈನಿಕರಿಗೆ ಬಣ್ಣ ಹಚ್ಚುವ ಹವ್ಯಾಸದ ಬಗೆಗೂ ಬರೆದಿದ್ದೆ. ಇಷ್ಟು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು 28 ಮಿಲಿಮೀಟರ್ ಅಳತೆಯ ಸೈನಿಕರಿಗೆ ಭೂತಗನ್ನಡಿ ಹಿಡಿದು, ಕಣ್ಣಿನ ಬಿಳಿಗುಡ್ಡೆ ಸಹಿತ ಬಣ್ಣ ಹಚ್ಚುತ್ತೇನೆ. ಕೈಯಲ್ಲಿ ಹಿಡಿದರೆ ಚೆನ್ನಾಗಿ ಕಾಣುವ ಗೊಂಬೆ ಮೇಜಿನ ಮೇಲಿಟ್ಟೊಡನೆ ಕಂದು ಮುದ್ದೆಯಾಗಿಬಿಡುತ್ತದೆ. ತಿಂಗಳಿಗೆ ನಾಲ್ಕೈದು ಗೊಂಬೆಗಳಿಗಿಂತ ಹೆಚ್ಚು ಮುಗಿಯುವುದೂ ಇಲ್ಲ. ತಪ್ಪು ಎಲ್ಲಿದೆ? (ಹಾಸನದ ಕಾಲೇಜು ವಿದ್ಯಾರ್ಥಿ)

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ, ನೀವು ನೋಡುತ್ತಿರುವ ದೂರದಲ್ಲಿ ತಪ್ಪಿದೆ. ಈ ಅಳತೆಯ ಗೊಂಬೆ ನಿಜವಾದ ಮನುಷ್ಯನಿಗಿಂತ ಸುಮಾರು 56ರಿಂದ 60 ಪಟ್ಟು ಚಿಕ್ಕದು. ಆದ್ದರಿಂದ ಮೇಜಿನ ಆಚೆ ಬದಿಯಲ್ಲಿ, ನಿಮ್ಮಿಂದ ಒಂದು ಮೀಟರ್ ದೂರದಲ್ಲಿ ನಿಂತಿರುವ ಗೊಂಬೆಯನ್ನು ನೋಡುವುದೆಂದರೆ, ಜೀವಂತ ಮನುಷ್ಯನೊಬ್ಬನನ್ನು ಅರುವತ್ತು ಮೀಟರ್ ದೂರದಿಂದ ನೋಡಿದ ಹಾಗೆಯೇ. ಅಷ್ಟು ದೂರದಲ್ಲಿ ಯಾರ ಕಣ್ಣಿನ ಬಿಳಿಗುಡ್ಡೆಯೂ ಕಾಣುವುದಿಲ್ಲ. ಕಾಣುವುದು ತಲೆಯುಡುಪು, ಎದೆಯ ಮೇಲಿನ ಪಟ್ಟಿ, ಕೈಯಲ್ಲಿರುವ ಆಯುಧ ಮತ್ತು ಮುಖವೆಂಬ ಒಂದು ತಿಳಿಯಾದ ಚುಕ್ಕೆ. ನೀವು ಗೇಣು ದೂರಕ್ಕೆಂದು ಬರೆದದ್ದನ್ನು ಮಾರು ದೂರದಿಂದ ಓದಲು ಹೊರಟಿದ್ದೀರಿ.

ಇದನ್ನು ಅರಿಯಲು ಮನೆಯಿಂದ ಹಳೇಬೀಡಿನವರೆಗೆ ಹೋಗಿ ಬಂದರೆ ಸಾಕು. ಹೊಯ್ಸಳೇಶ್ವರ ದೇವಾಲಯದ ತಳಭಾಗದ ಆನೆಗಳ ಸಾಲಿನ ಎದುರು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತುಕೊಳ್ಳಿ. ಬಳಪದ ಕಲ್ಲಿಗೆ ಬಣ್ಣವೇ ಇಲ್ಲ, ಆದರೂ ಪ್ರತಿಯೊಂದು ಆನೆಯೂ ಬೇರೆಬೇರೆಯಾಗಿ ಕಾಣುತ್ತದೆ. ಶಿಲ್ಪಿ ಕಾಲುಗಳ ನಡುವೆ, ಸೊಂಡಿಲಿನ ಹಿಂದೆ, ಕಿವಿಯ ಅಂಚಿನಲ್ಲಿ ಕಲ್ಲನ್ನು ಆಳವಾಗಿ ಕೆತ್ತಿ ನೆರಳಿಗೆ ಎಡೆಮಾಡಿದ್ದಾನೆ. ನಮ್ಮ ಗೊಂಬೆ ತೀರಾ ಚಿಕ್ಕದಾದ್ದರಿಂದ ಅದರ ಮಡಿಕೆಗಳಲ್ಲಿ ನಿಜವಾದ ನೆರಳು ಬೀಳುವುದಿಲ್ಲ, ಆ ನೆರಳನ್ನು ನಾವೇ ಬಣ್ಣದಿಂದ ತುಂಬಬೇಕು.

ಕ್ರಮ ಹೀಗಿರಲಿ. ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಪದರ, ಒಣಗಿದ ಮೇಲೆ ಒಂದೊಂದು ಭಾಗಕ್ಕೂ ಅದರ ಮೂಲ ಬಣ್ಣವನ್ನು ನೀರು ಬೆರೆಸಿ ತೆಳುವಾಗಿ ಎರಡು ಸಲ ಹಚ್ಚಿರಿ. ಒಂದೇ ಸಲಕ್ಕೆ ದಪ್ಪವಾಗಿ ಬಳಿದರೆ ಅಚ್ಚಿನಲ್ಲಿ ಮೂಡಿರುವ ಗುಂಡಿ, ಮಡಿಕೆಗಳೆಲ್ಲ ಮುಚ್ಚಿಹೋಗುತ್ತವೆ. ಬಳಿಕ ಗಾಢ ಕಂದು ಬಣ್ಣವನ್ನು ನೀರಿನಷ್ಟು ತೆಳುವಾಗಿಸಿ ಇಡೀ ಗೊಂಬೆಯ ಮೇಲೆ ಹರಿಯಬಿಡಿ. ಅದು ತಾನಾಗಿ ತಗ್ಗುಗಳಲ್ಲಿ ನಿಲ್ಲುತ್ತದೆ. ಹವ್ಯಾಸಿಗಳು ಇದನ್ನು ವಾಶ್ ಎನ್ನುತ್ತಾರೆ. ಪೂರ್ತಿ ಒಣಗಿದ ನಂತರ ಉಬ್ಬಿದ ಭಾಗಗಳಿಗೆ, ಅಂದರೆ ಭುಜ, ಮೊಣಕಾಲು, ಮೂಗು, ಪೇಟದ ಮಡಿಕೆಗಳ ನೆತ್ತಿಗೆ, ಮೂಲ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿಯಾದ ಬಣ್ಣವನ್ನು ತಾಗಿಸಿ. ಒಂದು ಮೆಟ್ಟಿಲು ಸಾಲದು. ಕೈಯಲ್ಲಿ ಹಿಡಿದಾಗ "ಇದು ಸ್ವಲ್ಪ ಅತಿಯಾಯಿತು" ಎನ್ನಿಸಿದರೆ ಮೇಜಿನ ಮೇಲೆ ಅದು ಸರಿಯಾಗಿರುತ್ತದೆ. ಬಣ್ಣ ಬಳಿದ ಜಾಗ ಕಿರಿದಾದಷ್ಟೂ ಬಣ್ಣ ಗಾಢವಾಗಿ ತೋರುವುದರಿಂದ ಕಡುನೀಲಿ ಕಪ್ಪಾಗಿ, ಕಡುಗೆಂಪು ಕಂದಾಗಿ ಕಾಣುತ್ತದೆ. ಅದಕ್ಕಾಗಿ ಮೂಲ ಬಣ್ಣವನ್ನೇ ತುಸು ತಿಳಿಯಾಗಿಸಿಕೊಳ್ಳಿ. ಕಪ್ಪು ಬೇಕಾದಲ್ಲಿ ಕಡುಬೂದಿಯಿಂದ, ಬಿಳಿ ಬೇಕಾದಲ್ಲಿ ಕೋರಾ ಬಟ್ಟೆಯ ಬಣ್ಣದಿಂದ ಆರಂಭಿಸಿ. ಅಚ್ಚ ಬಿಳಿಯನ್ನು ಕೊನೆಯ ಗೆರೆಗೆ ಉಳಿಸಿಕೊಳ್ಳಿ. ಕಣ್ಣನ್ನು ಬಿಟ್ಟುಬಿಡಿ, ಹುಬ್ಬಿನ ಕೆಳಗೆ ವಾಶ್ ನಿಂತರೆ ಅದೇ ಕಣ್ಣು.

ಸಂಖ್ಯೆಯ ವಿಷಯ. ಅನೇಕ ಆಟಗಳಲ್ಲಿ ಒಂದು ಗೊಂಬೆ ಇಪ್ಪತ್ತು ಸೈನಿಕರಿಗೆ ಸಮ ಎಂಬ ಲೆಕ್ಕವಿರುತ್ತದೆ. ಆ ಲೆಕ್ಕದಲ್ಲಿ ಏಳುನೂರು ಜನರ ಪಡೆಗೆ ಮೂವತ್ತೈದು ಗೊಂಬೆ ಬೇಕು. ಒಂದೊಂದನ್ನೇ ಮುಗಿಸುತ್ತ ಹೋದರೆ ಬೇಸರ ಖಂಡಿತ. ಹನ್ನೆರಡು ಗೊಂಬೆಗಳನ್ನು ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಸಾಲಾಗಿ ಅಂಟಿಸಿಕೊಂಡು, ಹನ್ನೆರಡಕ್ಕೂ ಚರ್ಮದ ಬಣ್ಣ, ಆಮೇಲೆ ಹನ್ನೆರಡಕ್ಕೂ ಅಂಗಿಯ ಬಣ್ಣ, ಹೀಗೆ ಸಾಗಿರಿ. ಹನ್ನೆರಡನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ.

ಪ್ರಶ್ನೆ: ಹೊಯ್ಸಳ ಸೈನ್ಯವೊಂದನ್ನು ಕಟ್ಟುವ ಆಸೆಯಿದೆ. ಶಿಲ್ಪಗಳಿಂದ ಆಯುಧಗಳ ಆಕಾರ ಸಿಗುತ್ತದೆ, ಬಣ್ಣ ಎಲ್ಲಿಂದ ತರಲಿ? ಎಲ್ಲರಿಗೂ ಕೆಂಪು ಸಮವಸ್ತ್ರ ಹಾಕಿದರೆ ತಪ್ಪೇ? (ಬೇಲೂರಿನ ಶಾಲಾ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಎಲ್ಲರಿಗೂ ಒಂದೇ ಕೆಂಪನ್ನು ಹಚ್ಚಿದರೆ ನಿಮ್ಮ ಸೈನ್ಯ ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಅದು ಹೊಯ್ಸಳರ ಸೈನ್ಯವಾಗಿರುವುದಿಲ್ಲ. ಇಡೀ ಪಡೆಗೆ ಒಂದೇ ಬಣ್ಣದ ಬಟ್ಟೆ ಹೊಲಿಸಿ ಕೊಡುವ ಪದ್ಧತಿ ಯೂರೋಪಿನಲ್ಲಿಯೇ ಬಲವಾಗಿ ನೆಲೆಗೊಂಡದ್ದು 17ನೆಯ ಶತಮಾನದಲ್ಲಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ 1117ಕ್ಕೂ ಅದಕ್ಕೂ ಐದು ಶತಮಾನಗಳ ಅಂತರವಿದೆ.

ಶಿಲ್ಪದಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ. ದೇವಾಲಯದ ಶಿಲ್ಪಿಗೆ ಆಭರಣದ ಮೇಲೆ ಪ್ರೀತಿ ಹೆಚ್ಚು. ಕಂಠಿ, ತೋಳಬಂದಿ, ಕಡಗಗಳಿಲ್ಲದ ಮೈಯನ್ನು ಅವನು ಬಹುಮಟ್ಟಿಗೆ ಕೆತ್ತುವುದಿಲ್ಲ. ಅದನ್ನೇ ನಂಬಿ ಪ್ರತಿಯೊಬ್ಬ ಕಾಲಾಳಿಗೂ ಚಿನ್ನ ಹಚ್ಚಿದರೆ ನಿಮ್ಮ ಮೇಜು ಸೈನ್ಯವನ್ನು ಬಿಟ್ಟು ಮದುವೆಯ ದಿಬ್ಬಣವನ್ನು ತೋರಿಸುತ್ತದೆ. ಚಿನ್ನದ ಬಣ್ಣವನ್ನು ದಂಡನಾಯಕನಿಗೂ ಅವನ ಆನೆಗೂ ಮೀಸಲಿಡಿ ಎಂಬುದು ನನ್ನ ಅಭಿಪ್ರಾಯ. ಆಯುಧ ಮತ್ತು ನಿಲುವುಗಳ ಮಟ್ಟಿಗೆ ದೇವಾಲಯದ ಭಿತ್ತಿಗಿಂತ ಊರ ಹೊರಗಿನ ವೀರಗಲ್ಲು ಹೆಚ್ಚು ಉಪಯುಕ್ತ. ಮೂರು ಅಂತಸ್ತಿನ ವೀರಗಲ್ಲಿನಲ್ಲಿ ಮೇಲಿನ ಎರಡು ವೀರಸ್ವರ್ಗದ ಕಥೆಗೆ ಸೇರಿದವು, ಕೆಳಗಿನ ಅಂತಸ್ತು ಕಾಳಗದ್ದು. ಆ ಕೆಳಗಿನ ಅಂತಸ್ತನ್ನು ಬೆಳಗಿನ ಓರೆಬಿಸಿಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಕತ್ತಿ, ಗುರಾಣಿ, ಬಿಲ್ಲುಗಳನ್ನು ಹಿಡಿದ ಬಗೆ, ಸೊಂಟಕ್ಕೆ ಬಿಗಿದ ಬಟ್ಟೆ, ಕಟ್ಟಿದ ತುರುಬು ಎಲ್ಲವೂ ಸ್ಪಷ್ಟವಾಗುತ್ತವೆ.

ಕಲ್ಲು ಬಣ್ಣವನ್ನು ಹೇಳುವುದಿಲ್ಲವಾದ್ದರಿಂದ ಬಣ್ಣಗಾರನನ್ನು ಕೇಳಬೇಕು. ಹತ್ತಿಬಟ್ಟೆಗೆ ಬಣ್ಣ ಕಟ್ಟಲು ನಮ್ಮ ನಾಡಿನಲ್ಲಿ ಹಿಂದಿನಿಂದ ಬಳಕೆಯಲ್ಲಿದ್ದವು ನೀಲಿ ಗಿಡ, ಮಂಜಿಷ್ಠ, ಅರಿಸಿನ ಮುಂತಾದವು. ಬಹುಪಾಲು ಸೈನಿಕರಿಗೆ ಕೋರಾ ಬಿಳಿಯ ಬಟ್ಟೆ, ಕೆಲವರಿಗೆ ಇಟ್ಟಿಗೆಗೆಂಪು, ಕೆಲವರಿಗೆ ಮಾಸಿದ ನೀಲಿ, ಅಲ್ಲೊಬ್ಬ ಇಲ್ಲೊಬ್ಬನಿಗೆ ಅರಿಸಿನ ಎಂದು ಹಂಚಿದರೆ ಗುಂಪು ಸಹಜವಾಗಿಯೂ ಇರುತ್ತದೆ, ಒಂದು ಹದಕ್ಕೂ ಬರುತ್ತದೆ. ಬಟ್ಟೆಯ ಅಂಚು ಮತ್ತು ಚಿತ್ತಾರಗಳಿಗಾಗಿ ಲೇಪಾಕ್ಷಿಯ ಭಿತ್ತಿಚಿತ್ರಗಳನ್ನು ನೋಡುವವರಿದ್ದಾರೆ. ಅವು 16ನೆಯ ಶತಮಾನದ ವಿಜಯನಗರ ಕಾಲದವು ಎಂಬುದನ್ನು ಮರೆಯದೆ ಒಂದೆರಡು ಅಂಚುಗಳನ್ನಷ್ಟೇ ಎರವಲು ಪಡೆಯಿರಿ. ಆ ಚಿತ್ರಗಳಲ್ಲಿರುವ ಉದ್ದನೆಯ ಟೊಪ್ಪಿಗಳನ್ನು, ಅಂದರೆ ಕುಲಾವಿಗಳನ್ನು, ಹೊಯ್ಸಳನ ತಲೆಗೆ ಹಾಕಬೇಡಿ. ಮೈಬಣ್ಣಕ್ಕೆ ಕೆಂಪು ಬೆರೆತ ಕಂದನ್ನು ಆಧಾರವಾಗಿಟ್ಟುಕೊಂಡು, ಉಬ್ಬುಗಳನ್ನು ತಿಳಿಯಾಗಿಸಲು ಬಿಳಿಗೆ ಬದಲು ಗೋಪಿಚಂದನದ ಹಳದಿಯನ್ನು ಸೇರಿಸಿ. ಬಿಳಿ ಬೆರೆತರೆ ನಮ್ಮ ಮೈಬಣ್ಣ ಬೂದಿ ಬಳಿದಂತಾಗುತ್ತದೆ.

ಆನೆಯ ಬಣ್ಣದ ಬಗೆಗೆ ಆಲೂರು, ಸಕಲೇಶಪುರ ಕಡೆಯವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ, ಗದ್ದೆಗೂ ತೋಟಕ್ಕೂ ಬಂದದ್ದನ್ನು ನೋಡಿಯೇ ಇರುತ್ತೀರಿ. ಉಳಿದವರಿಗಾಗಿ ಒಂದು ಮಾತು: ಆನೆ ಬೂದು ಬಣ್ಣದ್ದಲ್ಲ, ಅದು ಮೈಮೇಲೆ ಎರಚಿಕೊಂಡ ಮಣ್ಣಿನ ಬಣ್ಣದ್ದು. ಬೂದಿಗೆ ಕಂದನ್ನು ಬೆರೆಸಿ ಬಳಿದು, ಕಿವಿಯ ಅಂಚಿಗೂ ಸೊಂಡಿಲಿನ ಬುಡಕ್ಕೂ ತಿಳಿಗುಲಾಬಿಯ ಚುಕ್ಕೆಗಳನ್ನಿಟ್ಟು, ಕೊನೆಗೆ ನೀವು ಗೊಂಬೆಯ ಪೀಠಕ್ಕೆ ಹಚ್ಚಿದ ಮಣ್ಣಿನ ಬಣ್ಣವನ್ನೇ ಬಹುಮಟ್ಟಿಗೆ ಒಣಗಿದ ಕುಂಚದಿಂದ ಕಾಲು ಮತ್ತು ಬೆನ್ನಿನ ಮೇಲೆ ಸವರಿರಿ.

ಪ್ರಶ್ನೆ: 1799ರ ಶ್ರೀರಂಗಪಟ್ಟಣದ ಮುತ್ತಿಗೆಗಾಗಿ ಟಿಪ್ಪುವಿನ ಪದಾತಿಯನ್ನೂ ಎದುರಾಳಿಗಳನ್ನೂ ಸಿದ್ಧಪಡಿಸುತ್ತಿದ್ದೇವೆ. ದರಿಯಾ ದೌಲತ್‌ನ ಗೋಡೆಯ ಚಿತ್ರವನ್ನು ನೋಡಿ ಬಣ್ಣ ಹಚ್ಚಬಹುದೇ? (ಚಿಕ್ಕಮಗಳೂರಿನ ಇಬ್ಬರು ಗೆಳೆಯರು)

ಉತ್ತರ: ನೋಡಬಹುದು, ಅದನ್ನೊಂದನ್ನೇ ನಂಬಬಾರದು. ಆ ಚಿತ್ರ 1780ರ ಸೆಪ್ಟೆಂಬರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿದ ಪೊಳ್ಳಿಲೂರು ಕಾಳಗದ್ದು, ಅಂದರೆ ನಿಮ್ಮ ಮುತ್ತಿಗೆಗಿಂತ ಸುಮಾರು ಹತ್ತೊಂಬತ್ತು ವರ್ಷ ಹಿಂದಿನದು. ಜೊತೆಗೆ ಟಿಪ್ಪುವಿನ ನಂತರ ಅದಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೊಸ ಬಣ್ಣ ಬಿದ್ದಿದೆ. ಸಾಲುಗಳ ಜೋಡಣೆ, ಆನೆ ಕುದುರೆಗಳ ಅಲಂಕಾರ, ಕಾಳಗದ ಗದ್ದಲ ಇವುಗಳಿಗೆ ಅದಕ್ಕಿಂತ ಒಳ್ಳೆಯ ಪ್ರೇರಣೆ ಬೇರೆ ಇಲ್ಲ. ಅಂಗಿಯ ನಿರ್ದಿಷ್ಟ ಬಣ್ಣಕ್ಕೆ ಮಾತ್ರ ಬರಹದ ಆಧಾರವನ್ನು ಹುಡುಕುವುದು ಮೇಲು.

ಟಿಪ್ಪುವಿನ ಕ್ರಮಬದ್ಧ ಪದಾತಿಯ ಉಡುಪನ್ನು ಆ ಕಾಲದ ಇಂಗ್ಲಿಷ್ ಬರಹವೊಂದು ವಿವರವಾಗಿ ವರ್ಣಿಸುತ್ತದೆ: ನೇರಳೆ ಬಣ್ಣದ ಉಣ್ಣೆಯ ಅಂಗಿ, ಅದರ ಮೇಲೆ ಹುಲಿಪಟ್ಟೆಯನ್ನು ಸೂಚಿಸುವ ವಜ್ರಾಕೃತಿಯ ಬಿಳಿ ಗುರುತುಗಳು, ತಲೆಗೆ ಕೆಂಪು ಮಸ್ಲಿನ್ ಪೇಟ, ಸೊಂಟಕ್ಕೆ ಅದೇ ಕೆಂಪಿನ ನಡುಕಟ್ಟು, ಬರಿಗಾಲಿಗೆ ಚಪ್ಪಲಿ, ಎದೆಯ ಮೇಲೆ ಅಡ್ಡಹಾಯುವ ಕರಿಯ ತೊಗಲಿನ ಪಟ್ಟಿ. ಬಬ್ರಿ ಎಂದು ಕರೆಯುವ ಈ ಹುಲಿಪಟ್ಟೆ ಅವನ ತೋಪುಗಳ ಮೇಲೆಯೂ ಇತರ ವಸ್ತುಗಳ ಮೇಲೆಯೂ ಕಾಣುತ್ತದೆ.

ಈಗ ಅದನ್ನು ಗೊಂಬೆಗೆ ಇಳಿಸುವ ಬಗೆ. ನೇರಳೆಯನ್ನು ತಿಳಿಯಾಗಿಯೇ ಹಚ್ಚಿ, ಇಲ್ಲವಾದರೆ ಮೇಜಿನ ಮೇಲೆ ಅದು ಕಪ್ಪಾಗುತ್ತದೆ. ವಾಶ್ ಒಣಗಿ, ತಿಳಿ ಅಂಚುಗಳೂ ಮುಗಿದ ಬಳಿಕವಷ್ಟೇ ಬಿಳಿ ಗುರುತುಗಳಿಗೆ ಕೈ ಹಾಕಿ. ಒಂದು ಅಂಗಿಯ ಮುಂಭಾಗಕ್ಕೆ ಎಂಟರಿಂದ ಹತ್ತು ಗುರುತು ಸಾಕು. ಚೂಪಾದ ಕುಂಚವನ್ನು ತಾಗಿಸಿ ಎಳೆದರೆ ಅಕ್ಕಿಕಾಳಿನ ಆಕಾರ ತಾನೇ ಬೀಳುತ್ತದೆ. ಸಾಲುಸಾಲಾಗಿ, ಒಂದು ಸಾಲಿನ ಎರಡು ಗುರುತುಗಳ ನಡುವಿನ ಎಡೆಯಲ್ಲಿ ಮುಂದಿನ ಸಾಲಿನ ಗುರುತು ಬರುವಂತೆ ಇಡಿ. ಲೆಕ್ಕದ ಪ್ರಕಾರ ನಿಜವಾದ ಅಂಗಿಯಲ್ಲಿ ಇನ್ನೂ ಹೆಚ್ಚು ಇದ್ದಿರಬೇಕು. ಅಷ್ಟನ್ನೂ ಇಟ್ಟರೆ ಮಾರು ದೂರದಿಂದ ನೇರಳೆಯೂ ಕಾಣದು, ಬಿಳಿಯೂ ಕಾಣದು, ಮಾಸಿದ ಊದಾ ಒಂದೇ ಕಾಣುತ್ತದೆ. ಹೆಸರಾಂತ ಹವ್ಯಾಸಿಗಳು ಇದನ್ನು ಒಪ್ಪದಿರಬಹುದು, ನಾನು ಹತ್ತನ್ನು ದಾಟುವುದಿಲ್ಲ.

ಎದುರಾಳಿಗಳ ಅಂಗಿ ಕೆಂಪು, ಅಡ್ಡಪಟ್ಟಿ ಬಿಳಿ. ನಿಮ್ಮ ಎರಡು ಸೈನ್ಯಗಳನ್ನು ದೂರದಿಂದ ಬೇರ್ಪಡಿಸುವುದರಲ್ಲಿ ಈ ಕಪ್ಪು ಪಟ್ಟಿ ಮತ್ತು ಬಿಳಿ ಪಟ್ಟಿಗಳ ಪಾಲು ಅಂಗಿಯ ಬಣ್ಣದಷ್ಟೇ ದೊಡ್ಡದು. ಬ್ರಿಟಿಷ್ ದಂಡುಗಳನ್ನು ಗುರುತಿಸುವುದು ಕಾಲರ್ ಮತ್ತು ತೋಳಿನ ಮಡಿಕೆಯ ಬಣ್ಣದಿಂದ: 12ನೆಯ ದಂಡಿಗೆ ಹಳದಿ, 33ನೆಯದಕ್ಕೆ ಕೆಂಪು, 74ನೆಯದಕ್ಕೆ ಬಿಳಿ. ಮೂರೂ 1799ರಲ್ಲಿ ಅಲ್ಲಿದ್ದವು. 33ನೆಯದು ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದ ಆರ್ಥರ್ ವೆಲ್ಲೆಸ್ಲಿಯ ದಂಡು. ಕಾಲರೂ ಕೆಂಪಾದ್ದರಿಂದ ಅದು ಆರಂಭಿಸುವವರಿಗೆ ಸುಲಭ. ಆದರೆ ಮುತ್ತಿಗೆ ಹಾಕಿದವರೆಲ್ಲ ಬಿಳಿಯರಾಗಿದ್ದರು ಎಂಬಂತೆ ಸೈನ್ಯವನ್ನು ಕಟ್ಟುವವರನ್ನು ಕಂಡರೆ ನನಗೆ ಅಸಮಾಧಾನ. ಕಂಪನಿಯ ಸಿಪಾಯಿಗಳೂ ಹೈದರಾಬಾದ್ ನಿಜಾಮನ ಪಡೆಯೂ ಅಲ್ಲಿದ್ದವು. ಸಿಪಾಯಿಗೆ ಕೆಂಪು ಅಂಗಿ, ತೊಡೆಯವರೆಗಿನ ಬಿಳಿ ಚಡ್ಡಿ, ಬರಿಗಾಲು. ನಿಮ್ಮ ಮೇಜಿನಲ್ಲಿ ಅವರ ಪಾಲು ಬಿಳಿಯರಿಗಿಂತ ಹೆಚ್ಚಿರಲಿ.

ರಾಕೆಟ್ಟುಗಳಿಲ್ಲದೆ ಮೈಸೂರು ಸೈನ್ಯ ಪೂರ್ಣವಾಗುವುದಿಲ್ಲ. ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ, 2018ರಲ್ಲಿ, ಪಾಳುಬಿದ್ದ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದವು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಅದನ್ನು ಉದ್ದನೆಯ ಬಿದಿರಿಗೆ ಬಿಗಿದು ಹಾರಿಸುತ್ತಿದ್ದರು. ಒಂದು ಗೇಣಿನ ಕೊಳವೆ ನಮ್ಮ ಅಳತೆಯಲ್ಲಿ ನಾಲ್ಕು ಮಿಲಿಮೀಟರ್ ಆಗುತ್ತದೆ. ತೆಂಗಿನ ಗರಿಯ ಪೊರಕೆಕಡ್ಡಿಯ ತುದಿಯನ್ನು ತೆಳುವಾಗಿ ಸೀಳಿ ಬಿದಿರನ್ನೂ, ತೆಳು ವೈರಿನ ಪ್ಲಾಸ್ಟಿಕ್ ಹೊದಿಕೆಯ ತುಂಡಿನಿಂದ ಕೊಳವೆಯನ್ನೂ ಮಾಡಿಕೊಳ್ಳಬಹುದು. ಕೊಳವೆಗೆ ಹೊಳೆಯುವ ಬೆಳ್ಳಿ ಬಣ್ಣ ಬೇಡ, ಕಡುಬೂದಿಯ ಮೇಲೆ ತುಸು ತುಕ್ಕಿನ ಕಂದು ಸಾಕು.

ಪ್ರಶ್ನೆ: ಮಳೆಗಾಲದಲ್ಲಿ ವಾರ್ನಿಷ್ ಸ್ಪ್ರೇ ಮಾಡಿದ ನಂತರ ಸೈನಿಕರೆಲ್ಲ ಮಂಜು ಕವಿದಂತೆ ಬೆಳ್ಳಗಾದರು. ಪೀಠಕ್ಕೆ ಮಣ್ಣಿನಂತೆ ಕಾಣಲೆಂದು ಅಂಟಿಸಿದ ಕಾಫಿ ಚರಟದ ಮೇಲೆ ಬೂಸ್ಟೂ ಬಂದಿದೆ. (ಸಕಲೇಶಪುರದ ಕಾಫಿ ಬೆಳೆಗಾರರು)

ಉತ್ತರ: ಇದು ನನಗೂ ಆದದ್ದೇ. ಒಂದು ಜುಲೈ ತಿಂಗಳಲ್ಲಿ, ಎರಡು ತಿಂಗಳ ಕೆಲಸವಾದ ಇಪ್ಪತ್ತನಾಲ್ಕು ಕಾಲಾಳುಗಳನ್ನು ಜಗಲಿಯಲ್ಲಿ ನಿಲ್ಲಿಸಿ ಸ್ಪ್ರೇ ಮಾಡಿ, ಕಾಫಿ ಕುಡಿದು ಬರುವಷ್ಟರಲ್ಲಿ ಇಪ್ಪತ್ತನಾಲ್ಕು ಪ್ರೇತಗಳು ನಿಂತಿದ್ದವು. ಗಾಳಿಯ ತೇವ ವಾರ್ನಿಷಿನ ಪದರದಲ್ಲಿ ಸಿಕ್ಕಿಕೊಂಡಾಗ ಹೀಗಾಗುತ್ತದೆ. ಡಬ್ಬಿಯನ್ನು ಚೆನ್ನಾಗಿ ಕುಲುಕದಿದ್ದರೂ, ಹೊಳಪು ತಗ್ಗಿಸುವ ಪುಡಿ ತಳದಲ್ಲಿ ಉಳಿದು ಹೀಗೆಯೇ ಆಗುವುದುಂಟು. ಬಣ್ಣವನ್ನು ಕೆರೆಯಲು ಹೋಗಬೇಡಿ. ಮಳೆ ಹೊಳವಾದ ದಿನ ಹೊಳಪಿನ ವಾರ್ನಿಷನ್ನು ಕುಂಚದಿಂದ ತೆಳುವಾಗಿ ಹಚ್ಚಿದರೆ ಬಹಳಷ್ಟು ಬಿಳುಪು ಕರಗುತ್ತದೆ. ಅದು ಪೂರ್ತಿ ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಷನ್ನು, ಅದನ್ನೂ ಕುಂಚದಿಂದಲೇ, ಒಂದು ಕೈ ಹಚ್ಚಿ. ನನ್ನ ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಬದುಕಿದವು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಂಚಿನ ಊರುಗಳಲ್ಲಿ ಸ್ಪ್ರೇಯನ್ನು, ಪ್ರೈಮರ್ ಇರಲಿ ವಾರ್ನಿಷ್ ಇರಲಿ, ಮುಟ್ಟದಿರುವುದೇ ಲೇಸು. ಹಾಸನ ಪೇಟೆಯಲ್ಲಿ ನಡುವೆ ಒಣ ದಿನಗಳು ಸಿಗುತ್ತವೆ, ನಿಮಗೆ ಸಿಗುವುದಿಲ್ಲ. ಬೇಗ ಒಣಗಲೆಂದು ಬಚ್ಚಲೊಲೆಯ ಪಕ್ಕದಲ್ಲಿಡುವ ಉಪಾಯವನ್ನು ಒಬ್ಬರು ಬರೆದಿದ್ದಾರೆ. ದಯವಿಟ್ಟು ಬೇಡ. ಪ್ಲಾಸ್ಟಿಕ್ ಈಟಿಗಳು ಬಾಗುತ್ತವೆ, ಹೊಗೆ ಬಣ್ಣದ ಮೇಲೆ ಕೂರುತ್ತದೆ.

ಇನ್ನು ಚರಟ. ಅದು ನೋಡಲು ನಮ್ಮ ತೋಟದ ಮಣ್ಣಿನಂತೆಯೇ ಇರುತ್ತದೆ ಎಂಬುದು ನಿಜ, ಆದರೆ ಬೂಸ್ಟಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಬೇಸಿಗೆಯ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಅಂಟಿಸಿ, ಮೇಲೆ ನೀರು ಬೆರೆಸಿದ ಫೆವಿಕಾಲನ್ನು ಇಂಗುವಷ್ಟು ಹಾಕಿ ಮುಚ್ಚಿದರೆ ತಾಳುತ್ತದೆ. ನಾನಾದರೆ ಜರಡಿ ಹಿಡಿದ ಹೊಳೆಮರಳನ್ನು ಅಂಟಿಸಿ ಕಾಫಿಯ ಬಣ್ಣ ಬಳಿಯುತ್ತೇನೆ.

ಪ್ರಶ್ನೆ: ಹಳೆಯ ಎಸ್ಟೇಟ್ ಬಂಗಲೆಯಿಂದ ನಮ್ಮ ಅಜ್ಜನ ಕೈಗೆ ಬಂದ ಮರದ ಪೆಟ್ಟಿಗೆಯಲ್ಲಿ ಲೋಹದ ಸಿಪಾಯಿಗಳಿವೆ. ಕೆಲವಕ್ಕೆ ಬಿಳಿಪುಡಿ ಹಿಡಿದಿದೆ. ಉಜ್ಜಿ ಹೊಸ ಬಣ್ಣ ಹಚ್ಚಲೇ? (ಮೂಡಿಗೆರೆಯಿಂದ)

ಉತ್ತರ: ಎರಡನ್ನೂ ಮಾಡಬೇಡಿ. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಿಂದ ತಯಾರಿಸಿದ, ಒಳಗೆ ಟೊಳ್ಳಾಗಿ ಎರಕ ಹೊಯ್ದ 54 ಮಿಲಿಮೀಟರ್ ಸಿಪಾಯಿಗಳೂ ಆ ಕಾಲದ ಇತರ ಗೊಂಬೆಗಳೂ ಸೀಸದವು. ಮುಚ್ಚಿದ ಪೆಟ್ಟಿಗೆಯಲ್ಲಿ ಮರದಿಂದ ಹೊರಡುವ ಆಮ್ಲದ ಆವಿ ಮತ್ತು ತೇವ ಸೇರಿ ಸೀಸವನ್ನು ತಿನ್ನುತ್ತವೆ. ಆ ಬಿಳಿಪುಡಿ ಸೀಸದ ಲವಣ, ವಿಷ. ಊದಬೇಡಿ, ಒಣಗಿದ್ದಾಗ ಉಜ್ಜಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಕೈಗವಸು, ಮಾಸ್ಕ್ ಹಾಕಿಕೊಂಡು, ಪುಡಿ ಹಿಡಿದವನ್ನು ಬೇರ್ಪಡಿಸಿ, ಉಳಿದವನ್ನು ಗಾಳಿಯಾಡುವ ಗಾಜು ಅಥವಾ ಉಕ್ಕಿನ ಕಪಾಟಿಗೆ ಸಾಗಿಸಿ. ಮೂಲ ಬಣ್ಣ ಎಷ್ಟೇ ಉದುರಿದ್ದರೂ ಹಾಗೆಯೇ ಇರಲಿ, ಸಂಗ್ರಾಹಕರು ಬೆಲೆ ಕೊಡುವುದು ಅದಕ್ಕೆ. ಬಣ್ಣ ಹಚ್ಚುವ ಕೈ ತುರಿಸುತ್ತಿದ್ದರೆ ಹೊಸ ಗೊಂಬೆ ಕೊಳ್ಳಿ.

ಪ್ರಶ್ನೆ: ಮಗನ ಪ್ಲಾಸ್ಟಿಕ್ ಸೈನಿಕರನ್ನು ಈ ದಸರೆಯಲ್ಲಿ ಗೊಂಬೆಗಳ ಸಾಲಿನಲ್ಲಿ ಕೂರಿಸಬೇಕೆಂದಿದ್ದೇನೆ. ಬಂದೂಕು ಬಾಗಿದೊಡನೆ ಬಣ್ಣ ಸುಲಿದು ಬರುತ್ತದೆ. (ಹಾಸನದ ಗೃಹಿಣಿ)

ಉತ್ತರ: ಅವು ಬಾಗುವ ಮೆದು ಪ್ಲಾಸ್ಟಿಕ್‌ನವು, ತಾಯಿ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸಿದ ಜಿಡ್ಡು ಇನ್ನೂ ಮೈಮೇಲಿರುತ್ತದೆ. ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒಣಗಿಸಿ, ನೀರು ಬೆರೆಸಿದ ಫೆವಿಕಾಲನ್ನು ತೆಳುವಾಗಿ ಹಚ್ಚಿ. ಅದು ಒಣಗಿದ ಮೇಲೂ ಪ್ಲಾಸ್ಟಿಕ್ಕಿನೊಂದಿಗೆ ಬಾಗುವುದರಿಂದ ಅದರ ಮೇಲೆ ಕುಳಿತ ಅಕ್ರಿಲಿಕ್ ಬಣ್ಣ ಬೇಗ ಸುಲಿಯುವುದಿಲ್ಲ. ಪಟ್ಟದ ಗೊಂಬೆಗಳ ಮುಂದೆ ಈ ಚಿಕ್ಕವರು ಕಳೆದುಹೋಗದಂತೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಅಂಚಿನಲ್ಲಿ, ಮರಳು ಅಂಟಿಸಿದ ಒಂದೇ ಹಲಗೆಯ ಮೇಲೆ ಒಟ್ಟಾಗಿ ನಿಲ್ಲಿಸಿ. ಬಿಡಿಬಿಡಿಯಾಗಿ ಇಟ್ಟರೆ ನೋಡಲು ಬಂದ ಮಕ್ಕಳ ಜೇಬಿನಲ್ಲಿ ಒಂದೆರಡು ಹೊರಟುಹೋಗುತ್ತವೆ.

ಪ್ರಶ್ನೆ: ಅತಿ ಸಣ್ಣ ಕುಂಚ ಯಾವ ನಂಬರಿನದು ಕೊಳ್ಳಬೇಕು? (ಕಡೂರಿನಿಂದ)

ಉತ್ತರ: ಅತಿ ಸಣ್ಣದು ಬೇಡ. ಅದರಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆಗೆ ತಾಗುವ ಮೊದಲೇ ಒಣಗುತ್ತದೆ. ತುದಿ ಚೂಪಾಗಿ ಕೂಡುವ ಒಂದನೆಯ ನಂಬರಿನ ಕುಂಚ ಒಂದು, ಒಣಕುಂಚದ ಕೆಲಸಕ್ಕೆ ಹಳೆಯದೊಂದು ಸಾಕು. ಬಣ್ಣವನ್ನು ಕೂದಲಿನ ಅರ್ಧಕ್ಕಿಂತ ಮೇಲೆ ಹತ್ತಲು ಬಿಡಬೇಡಿ, ತುದಿಯನ್ನು ಬಾಯಲ್ಲಿ ಚೂಪು ಮಾಡಿಕೊಳ್ಳುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.